ಪುಸ್ತಕದಲ್ಲಿದೆ, ಬರ್ಕೋ

ಈ ವಾರದ ಒಂದು ಪತ್ರವನ್ನು ನಾಲ್ಕು ಸಲ ಓದಿದೆ. ತುಮಕೂರು ಕಡೆಯ ಹೈಸ್ಕೂಲ್ ವಿಜ್ಞಾನ ಮೇಷ್ಟ್ರೊಬ್ಬರು ಬರೆದದ್ದು. ಚಂದ್ರಗ್ರಹಣದ ರಾತ್ರಿ ಅವರ ತಾಯಿ ಊಟ ಮಾಡಲಿಲ್ಲ. ನೀರಿನ ಕೊಡದ ಮೇಲೆ ದರ್ಭೆ ಇಟ್ಟು ಸುಮ್ಮನೆ ಕೂತಿದ್ದರು. ಮೇಷ್ಟ್ರು ಎಲ್ಲರ ಎದುರಿಗೇ "ಇದೆಲ್ಲ ಮೂಢನಂಬಿಕೆ" ಅಂದುಬಿಟ್ಟರು. ಮನೆಗೆ ಬಂದಿದ್ದ ಭಾವ ತಿರುಗಿಸಿ ಕೊಟ್ಟರು: "ನಿನ್ನ ವಿಜ್ಞಾನವೂ ಒಂದು ಧರ್ಮವೇ. ಅತ್ತೆಗೆ ಪುರಾಣ, ನಿನಗೆ ಪಠ್ಯಪುಸ್ತಕ. ನೀನೇನು ಕಣ್ಣಾರೆ ನೋಡಿದ್ದೀಯಾ?" ಅವತ್ತಿನಿಂದ ಮೇಷ್ಟ್ರಿಗೆ ನಿದ್ದೆ ಇಲ್ಲ. ತಾಯಿ ಮಾತು ಕಡಿಮೆ ಮಾಡಿದ್ದಾರೆ. ಭಾವನಿಗೆ ಏನು ಉತ್ತರ ಕೊಡಲಿ ಅಂತ ಕೇಳಿದ್ದಾರೆ.

ಮೇಷ್ಟ್ರೇ, ಭಾವನ ವಿಷಯ ಆಮೇಲೆ. ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. "ಅದೇ ವಾರ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ, 9.8 ಅಂತ ಹೇಗೆ ಗೊತ್ತು ಸಾರ್ ಅಂತ ತಲೆ ತಿಂದ. ಪುಸ್ತಕದಲ್ಲಿದೆ, ಬರ್ಕೋ ಅಂತ ಕೂರಿಸಿದೆ."

ಮೇಲಿಂದ ಬಿದ್ದ ಕಲ್ಲಿನ ವೇಗ ಸೆಕೆಂಡಿಗೆ ಎಷ್ಟು ಏರುತ್ತದೆ ಅನ್ನುವ ಲೆಕ್ಕ ಅದು. ಎಷ್ಟು ಒಳ್ಳೆಯ ಪ್ರಶ್ನೆ ಅಲ್ವಾ! ನಿಮ್ಮ ನಿದ್ದೆ ಹಾಳಾದದ್ದು ಇಲ್ಲೇ ಅಂತ ನನಗನ್ನಿಸುತ್ತದೆ. ಭಾವ ಅದನ್ನು ಕೆದಕಿದರು ಅಷ್ಟೇ.

ಅವರ ಮಾತಿನಲ್ಲಿ ಸ್ವಲ್ಪ ನಿಜ ಇದೆ. ನಾವ್ಯಾರೂ ಎಲ್ಲವನ್ನೂ ಅಳೆದು ನೋಡಿಲ್ಲ. ಪರಮಾಣು ಇದೆ ಅಂತ ನಾನೂ ನಂಬಿಕೆಯ ಮೇಲೇ ಒಪ್ಪಿದ್ದೇನೆ. ಆದರೆ ಅಳೆಯುತ್ತೇನೆ ಅಂತ ಹೊರಟವರನ್ನು ವಿಜ್ಞಾನ ತಡೆಯುವ ಹಾಗಿಲ್ಲ. 2011ರಲ್ಲಿ ಇಟಲಿಯ ಗ್ರಾನ್ ಸಾಸೊದಲ್ಲಿದ್ದ ಒಪೆರಾ ಅನ್ನುವ ವಿಜ್ಞಾನಿಗಳ ತಂಡಕ್ಕೆ ವಿಚಿತ್ರ ಲೆಕ್ಕವೊಂದು ಸಿಕ್ಕಿತು. ಜಿನೀವಾ ಪಕ್ಕದ ಸರ್ನ್ ಪ್ರಯೋಗಾಲಯದಿಂದ ಸುಮಾರು 730 ಕಿಲೋಮೀಟರ್ ದಾಟಿ ಬಂದ ನ್ಯೂಟ್ರಿನೊ ಎಂಬ ಅತಿ ಸಣ್ಣ ಕಣಗಳು ಬೆಳಕಿಗಿಂತ 60 ನ್ಯಾನೋಸೆಕೆಂಡ್ ಮೊದಲೇ ಮುಟ್ಟಿದಂತೆ ಕಂಡವು. ಬೆಳಕಿಗಿಂತ ವೇಗವಾಗಿ ಯಾವುದೂ ಹೋಗದು ಅನ್ನುವ ಐನ್‌ಸ್ಟೈನ್ ಮಾತಿಗೆ ನೇರ ವಿರುದ್ಧ. ತಂಡದವರು ಮುಚ್ಚಿಡಲಿಲ್ಲ. ನಮಗೆ ತಪ್ಪು ಸಿಗುತ್ತಿಲ್ಲ, ನೀವೂ ಪರೀಕ್ಷಿಸಿ ಅಂತ ಲೋಕವನ್ನೇ ಕೇಳಿಕೊಂಡರು. ಮರುವರ್ಷ ತಪ್ಪು ಸಿಕ್ಕಿತು. ಸರಿಯಾಗಿ ಸಿಕ್ಕಿಸದ ಒಂದು ಫೈಬರ್ ಕೇಬಲ್!

ಅಷ್ಟು ದೊಡ್ಡವರು ತಮ್ಮ ಲೆಕ್ಕವನ್ನೇ ಅನುಮಾನಿಸಿದರು. ನೀವು ಹದಿನಾಲ್ಕರ ಹುಡುಗನನ್ನು ಕೂರಿಸಿದಿರಿ. "ಬರ್ಕೋ" ಅಂದಾಗ ನಿಮ್ಮ ಕ್ಲಾಸಿನ ಮಟ್ಟಿಗೆ ಭಾವನ ಮಾತು ನಿಜವಾಯಿತು. ಪ್ರಶ್ನೆ ಕೇಳಿದ ಮಗುವನ್ನು ಕೂರಿಸಬೇಡಿ. ಈ ಅಂಕಣದಲ್ಲಿ ಇದನ್ನು ಗಂಡ ಹೆಂಡತಿ ಜಗಳಕ್ಕೂ ಬರೆದಿದ್ದೇನೆ, ಆಸ್ತಿ ಜಗಳಕ್ಕೂ ಬರೆದಿದ್ದೇನೆ. ಮತ್ತೆ ಬರೆಯುತ್ತೇನೆ.

ನಿಮ್ಮ ತಾಯಿಯ ಬಗ್ಗೆ ನನಗೆ ಮರುಕ ಜಾಸ್ತಿ. ಅವರು ನಿಮ್ಮನ್ನು ಉಪವಾಸ ಕೂರು ಅನ್ನಲಿಲ್ಲ. ಮೊಮ್ಮಕ್ಕಳಿಗೆ ಸಂಜೆಯೇ ಬಡಿಸಿದ್ದರು ಅಂತ ನೀವೇ ಬರೆದಿದ್ದೀರಿ. ಒಂದು ರಾತ್ರಿಯ ಅವರ ನೇಮಕ್ಕೆ ಅಷ್ಟು ಜನರೆದುರು ಯಾಕೆ ಹಾಗಂದಿರಿ? ಭಾವನ ಮೇಲೂ ಸಿಟ್ಟಿದೆ. ಅತ್ತೆಯ ಪರ ಅಷ್ಟು ಮಾತಾಡಿದವರು, ಗ್ರಹಣ ಬಿಟ್ಟ ಮೇಲೆ ಒಂದು ಲೋಟ ಹಾಲು ಕೊಡಲಾ ಅಂತ ಕೇಳಿದರಾ? ಉಂಡು ಮಲಗಿದರು. ಅವರಿಗೆ ಉತ್ತರ ಕೊಡಲೇಬೇಡಿ.

ನೀವು ಮಾಡಬೇಕಾದ್ದು ಒಂದೇ. ಸೋಮವಾರ ದಾರ, ಬೀಗ ತೆಗೆದುಕೊಂಡು ಕ್ಲಾಸಿಗೆ ಹೋಗಿ. ಆ ಹುಡುಗನನ್ನು ಮುಂದೆ ಕರೆಯಿರಿ. ಬಾಗಿಲ ಚೌಕಟ್ಟಿನ ಮೊಳೆಯಿಂದ ಬೀಗದ ನಡುಮಧ್ಯಕ್ಕೆ ಒಂದು ಮೀಟರ್ ಇರುವಂತೆ ಅವನೇ ಕಟ್ಟಲಿ. ಸ್ವಲ್ಪವೇ ಎಳೆದು ಬಿಡಲಿ. ಹೋಗಿ ಬಂದರೆ ಒಂದು. ಅಂಥ 20ಕ್ಕೆ ಎಷ್ಟು ಸೆಕೆಂಡ್ ಅಂತ ನಿಮ್ಮ ಮೊಬೈಲಿನಲ್ಲಿ ಅವನೇ ನೋಡಲಿ. 40ರ ಆಸುಪಾಸು ಬರುತ್ತದೆ. ಹೀಗೆ ತೂಗುವ ಲೋಲಕದ ಸೂತ್ರ ಬೋರ್ಡಿನ ಮೇಲೆ ಬರೆದು, ಆ ಸೆಕೆಂಡುಗಳಿಂದ 9.8 ಬರುತ್ತದಾ ಅಂತ ಲೆಕ್ಕ ಮಾಡಿಸಿ. ಭೂಮಧ್ಯರೇಖೆಯ ಮೇಲೆ ಈ ಸಂಖ್ಯೆ ಸುಮಾರು 9.78, ಧ್ರುವದಲ್ಲಿ 9.83 ಅಂತಲೂ ಹೇಳಿ. ಅವನ ಅನುಮಾನದಲ್ಲಿ ಹುರುಳಿತ್ತು, ಗೊತ್ತಾಗಲಿ.

9.8 ಬರದೆ 9.5 ಬಂದರೆ ಅಳಿಸಬೇಡಿ. ದಾರದ ಅಳತೆ ತಪ್ಪಿತೋ, ಎಣಿಕೆ ತಪ್ಪಿತೋ, ಅವನ ಜೊತೆ ಕೂತು ಹುಡುಕಿ. ಎಷ್ಟು ಬಂತು ಅಂತ ನನಗೆ ಬರೆಯಿರಿ.