ಟ್ಯಾಂಕ್ ಇಲ್ಲದ ಗೀಸರ್: ಕೊಳ್ಳುವ ಮುನ್ನ ನೀರಿನ ಲೆಕ್ಕ

ಪ್ರಶ್ನೆ: ನಮ್ಮದು 25 ಲೀಟರಿನ ಹಳೆಯ ಗೀಸರ್. ಮನೆಯಲ್ಲಿ ನಾಲ್ಕು ಜನ. ಟ್ಯಾಂಕ್ ಇಲ್ಲದ ಗೀಸರ್ ಹಾಕಿಸಿದರೆ ಕರೆಂಟ್ ಉಳಿಯುತ್ತದೆಯೇ?

ಉತ್ತರ: ನೀವು ಸ್ವಿಚ್ ಹೇಗೆ ಬಳಸುತ್ತೀರಿ ಎಂಬುದರ ಮೇಲಿದೆ. ಟ್ಯಾಂಕ್ ಇಲ್ಲದ ಗೀಸರ್ ನೀರನ್ನು ಕೂಡಿಡದೆ, ಹರಿಯುತ್ತಿರುವಾಗಲೇ ಕಾಯಿಸುತ್ತದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖ ಎಲ್ಲ ಗೀಸರಿಗೂ ಒಂದೇ. ಕಾದ ನೀರು ಟ್ಯಾಂಕಿನಲ್ಲಿ ನಿಂತು ಆರಿ, ಮತ್ತೆ ಮತ್ತೆ ಕಾಯುವ ನಷ್ಟವಷ್ಟೇ ಇದರಲ್ಲಿ ತಪ್ಪುವುದು. ದಿನವಿಡೀ ಸ್ವಿಚ್ ಹಾಕಿಡುವ ಮನೆಗೆ ಈ ಉಳಿತಾಯ ದೊಡ್ಡದು; ಸ್ನಾನಕ್ಕೆ ಅರ್ಧ ಗಂಟೆ ಮೊದಲು ಹಾಕಿ, ಮುಗಿದೊಡನೆ ಆರಿಸುವವರಿಗೆ ಅಲ್ಪ. ನಾಲ್ವರ ಮನೆಗೆ ನಿಜವಾದ ಅನುಕೂಲ ಬೇರೆ: ಕೊನೆಯಲ್ಲಿ ಸ್ನಾನಕ್ಕೆ ಹೋಗುವವರೂ ನೀರು ಕಾಯಲೆಂದು ಕೂರಬೇಕಿಲ್ಲ. ಟ್ಯಾಂಕ್ ತುಕ್ಕು ಹಿಡಿದು ಸೋರುವ ಚಿಂತೆಯೂ ಇಲ್ಲ.

ಪ್ರಶ್ನೆ: ಹೊಸ 3 ಕಿಲೋವ್ಯಾಟ್ ಇನ್‌ಸ್ಟಂಟ್ (ಟ್ಯಾಂಕ್ ಇಲ್ಲದ) ಗೀಸರ್. ಶವರಿನಲ್ಲಿ ನೀರು ಉಗುರುಬೆಚ್ಚಗೂ ಬರುವುದಿಲ್ಲ. ಕೆಟ್ಟಿದೆಯೇ?

ಉತ್ತರ: ಕೆಟ್ಟಿರಲಿಕ್ಕಿಲ್ಲ, ಅದರ ಶಕ್ತಿಯೇ ಅಷ್ಟು. ಕಿಲೋವ್ಯಾಟನ್ನು 14ರಿಂದ ಗುಣಿಸಿ, ನಿಮಿಷಕ್ಕೆ ಹರಿಯುವ ಲೀಟರಿನಿಂದ ಭಾಗಿಸಿ. ನೀರಿನ ಬಿಸಿ ಎಷ್ಟು ಡಿಗ್ರಿ ಏರುತ್ತದೆ ಎಂಬುದು ಸಿಗುತ್ತದೆ. ಶವರಿನಲ್ಲಿ ನಿಮಿಷಕ್ಕೆ 6 ಲೀಟರ್ ಹರಿದರೆ 3 ಕಿಲೋವ್ಯಾಟ್ ಏರಿಸುವುದು ಬರೀ 7 ಡಿಗ್ರಿ. 20 ಡಿಗ್ರಿಯ ನೀರು 27ಕ್ಕೆ ನಿಲ್ಲುತ್ತದೆ. ಮೈಗೆ ಹಿತವೆನಿಸಲು ಸುಮಾರು 40 ಬೇಕು. ಹರಿವನ್ನು 2 ಲೀಟರಿಗೆ ಇಳಿಸಿದರೆ 21 ಡಿಗ್ರಿ ಏರುತ್ತದೆ, 15 ಲೀಟರಿನ ಬಕೆಟ್ ಏಳೆಂಟು ನಿಮಿಷದಲ್ಲಿ ತುಂಬುತ್ತದೆ. ಬಕೆಟ್ ಸ್ನಾನಕ್ಕೆ ಅಷ್ಟು ಸಾಕು. ಶವರೇ ಬೇಕೆಂದರೆ ಎಂಟೂವರೆ ಕಿಲೋವ್ಯಾಟಾದರೂ ಬೇಕು. 230 ವೋಲ್ಟಿನಲ್ಲಿ ಅದು 37 ಆಂಪಿಯರ್ ಎಳೆಯುತ್ತದೆ. 16 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸುವ ಮಾತೇ ಇಲ್ಲ: ಮೀಟರ್ ಬೋರ್ಡಿನಿಂದ ದಪ್ಪ ತಾಮ್ರದ ಪ್ರತ್ಯೇಕ ಲೈನ್, ಅದಕ್ಕೇ ಒಂದು ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆರುವ ಸ್ವಿಚ್), 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಶಾಕ್ ತಪ್ಪಿಸಲು ತಾನೇ ಆರುವ ಸ್ವಿಚ್), ಗಟ್ಟಿ ಅರ್ಥಿಂಗ್ ಇರಬೇಕು. ಮನೆಯ ಲೋಡ್ ಅಷ್ಟನ್ನು ತಾಳುವುದೇ ಎಂದು ಮೊದಲೇ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ.

ಪ್ರಶ್ನೆ: ಗ್ಯಾಸ್ ಗೀಸರ್ ಸ್ನಾನದ ನಡುವೆ ಆರಿಹೋಗುತ್ತದೆ. ತಣ್ಣೀರು ಬೆರೆಸಿದಾಗಲಂತೂ ಖಂಡಿತ.

ಉತ್ತರ: ಕಾರಣ ನಿಮ್ಮ ಎರಡನೆಯ ಮಾತಿನಲ್ಲೇ ಇದೆ. ತಣ್ಣೀರಿನ ನಲ್ಲಿ ತಿರುಗಿಸಿದರೆ ಗೀಸರಿನ ಮೂಲಕ ಹರಿಯುವ ನೀರು ಇಳಿಯುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ 2 ಲೀಟರಿನಷ್ಟಾದರೂ ಹರಿಯದಿದ್ದರೆ ಗ್ಯಾಸ್ ಕವಾಟ ಮುಚ್ಚಿಕೊಳ್ಳುತ್ತದೆ. ತಣ್ಣೀರು ಬೆರೆಸದೆ ಗ್ಯಾಸಿನ ನಾಬನ್ನೇ ತಗ್ಗಿಸಿ. ಆದರೂ ಆರಿದರೆ ನೀರು ಒಳಬರುವ ಕಡೆಯ ಜಾಲರಿ ಬಿಚ್ಚಿ ತೊಳೆಯಿರಿ, ಕಿಡಿ ಹೊತ್ತಿಸುವ ಬ್ಯಾಟರಿ ಬದಲಿಸಿ. ಮೇಲಿನ ಟ್ಯಾಂಕ್ ಶವರಿಗಿಂತ 2 ಮೀಟರ್ ಎತ್ತರದಲ್ಲಿದ್ದರೆ ಒತ್ತಡ ಬರೀ 0.2 ಬಾರ್, ಅಂಥಲ್ಲಿ ಪ್ರೆಷರ್ ಪಂಪ್ ಬೇಕಾಗಬಹುದು.

ಗೀಸರ್ ಎಲ್ಲಿದೆ ಎಂದು ನೀವು ಬರೆದಿಲ್ಲ. ಸ್ನಾನದ ಮನೆಯೊಳಗಿದ್ದರೆ ಇಂದೇ ಬಳಕೆ ನಿಲ್ಲಿಸಿ. ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆಸುತ್ತು ಬರುವಷ್ಟರಲ್ಲಿ ಬಾಗಿಲವರೆಗೆ ನಡೆಯುವ ಶಕ್ತಿಯೂ ಉಳಿಯದೇ ಹೋಗಬಹುದು. ಕಿಟಕಿ ತೆರೆದಿದೆ ಎಂಬ ಧೈರ್ಯ ಬೇಡ. ಗಾಳಿಯಾಡುವ ಹೊರಗೋಡೆಗೆ ಸ್ಥಳಾಂತರಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ.

ಪ್ರಶ್ನೆ: ನಮ್ಮದು ಗಡಸು ಬೋರ್ ನೀರು. ಇಂಥ ಗೀಸರ್ ಬಾಳಿಕೆ ಬರುತ್ತದೆಯೇ?

ಉತ್ತರ: ವರ್ಷಕ್ಕೊಮ್ಮೆಯಾದರೂ ಹಕ್ಕಳೆ ತೆಗೆದರೆ ಬರುತ್ತದೆ. ನೀರಿನ ದಾರಿ ಸಪೂರವಾದ್ದರಿಂದ ಟ್ಯಾಂಕಿಗಿಂತ ಇಲ್ಲಿ ಸುಣ್ಣದ ಪದರ ಬೇಗ ಕಾಡುತ್ತದೆ. ಹಾಕಿಸುವಾಗಲೇ ನೀರು ಒಳಬರುವ, ಹೊರಹೋಗುವ ಎರಡೂ ಕಡೆ ಸರ್ವಿಸ್ ವಾಲ್ವ್ (ತೊಳೆಯಲು ಪಂಪ್ ಜೋಡಿಸುವ ಕವಾಟ) ಇಡಿಸಿ. ತೊಳೆಯುವಾಗ ಕರೆಂಟ್, ಗ್ಯಾಸ್, ನೀರು ಮೂರನ್ನೂ ನಿಲ್ಲಿಸಿ. 5 ಲೀಟರ್ ನೀರಿಗೆ 250 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಸಣ್ಣ ಪಂಪಿನಿಂದ ಮುಕ್ಕಾಲು ಗಂಟೆ ಗೀಸರಿನೊಳಗೆ ಸುತ್ತಿಸಿ, ಆಮೇಲೆ ಶುದ್ಧ ನೀರನ್ನು ಹತ್ತು ನಿಮಿಷ ಹರಿಯಬಿಡಿ. ಶೌಚಾಲಯ ತೊಳೆಯುವ ಆ್ಯಸಿಡ್ ಮಾತ್ರ ಬೇಡ, ತಾಮ್ರದ ಸುರುಳಿಯನ್ನೇ ತಿನ್ನುತ್ತದೆ.