ಕರುಳಿನ ದುಗ್ಧನಾಳ, ಕಾಲಿನ ದುಗ್ಧನಾಳ

ಪ್ರಶ್ನೆ: ಕಾಲು ಬಾತರೆ ದುಗ್ಧನಾಳ ಕೆಟ್ಟಿದೆ ಎನ್ನುತ್ತಾರೆ. ಆಹಾರದ ಕೊಬ್ಬನ್ನು ಒಯ್ಯುವುದೂ ದುಗ್ಧನಾಳವೇ ಎಂದು ಓದಿದ್ದೇನೆ. ಎರಡೂ ಒಂದೇ ಬಗೆಯವೇ?

ಉತ್ತರ: ಅಂಗಾಂಶಗಳಲ್ಲಿ ಉಳಿದ ದ್ರವವನ್ನು ಮರಳಿ ರಕ್ತಕ್ಕೆ ಸೇರಿಸುವ ನಾಳವೇ ದುಗ್ಧನಾಳ. ಎರಡರ ಹುಟ್ಟು ಬಹುಮಟ್ಟಿಗೆ ಒಂದೇ, ಬಾಳು ಬೇರೆ. ಭ್ರೂಣದ ಅಭಿಧಮನಿಯ ಗೋಡೆಯಲ್ಲಿ ಕೆಲವು ಜೀವಕೋಶಗಳು ಪ್ರಾಕ್ಸ್-1 ಎಂಬ ಜೀನ್ ಚುರುಕಾದೊಡನೆ ದುಗ್ಧನಾಳದ ಕೋಶಗಳಾಗುತ್ತವೆ. ವಿಇಜಿಎಫ್-ಸಿ ಎಂಬ ಪ್ರೋಟೀನ್ ಕರೆದತ್ತ ಸಾಗಿ ನಾಳ ಕಟ್ಟುತ್ತವೆ. ಆಮೇಲೆ ಅವು ಹೇಗೆ ಬೆಳೆಯಬೇಕೆಂಬುದನ್ನು ಆಯಾ ಅಂಗವೇ ತಿದ್ದುತ್ತದೆ.

ಸಣ್ಣಕರುಳಿನ ಒಳಗೋಡೆಯ ಬೆರಳಿನಂಥ ಒಂದೊಂದು ಚಾಚಿನ ಒಳಗೂ, ಅದರ ನಡುಭಾಗದಲ್ಲಿ, ತುದಿ ಮುಚ್ಚಿದ ಲ್ಯಾಕ್ಟಿಯಲ್ ಎಂಬ ನಾಳವಿರುತ್ತದೆ. ಜೀರ್ಣವಾದ ಕೊಬ್ಬು ಕೈಲೋಮೈಕ್ರಾನ್ ಎಂಬ ಕಣಗಳಾಗಿ ಬರುತ್ತದೆ. ರಕ್ತದ ಲೋಮನಾಳಕ್ಕೆ ನುಗ್ಗಲಾರದಷ್ಟು ದೊಡ್ಡ ಕಣಗಳಿವು. ಲ್ಯಾಕ್ಟಿಯಲ್‌ನ ಕೋಶಗಳಾದರೋ ಅಂಗಿಯ ಗುಂಡಿ ಹಾಕಿದಂತೆ ಅಲ್ಲಲ್ಲಿ ಮಾತ್ರ ಬೆಸೆದಿರುತ್ತವೆ. ನಡುವಿನ ಸಂದಿಗಳಲ್ಲಿ ಕಣ ಒಳಸೇರುತ್ತದೆ. ಸುತ್ತಲಿನ ನಯಸ್ನಾಯು ಹಿಂಡಿ ಅದನ್ನು ಮುಂದೂಡುತ್ತದೆ. ಇಲಿಗಳಲ್ಲಿ, ಬೆಳೆದ ಮೇಲೂ ವಿಇಜಿಎಫ್-ಸಿ ನಿಂತರೆ ಲ್ಯಾಕ್ಟಿಯಲ್ ಕುಗ್ಗುತ್ತದೆ. ಬೇರೆಡೆಯ ಎಷ್ಟೋ ನಾಳಗಳಿಗೆ ಈ ನಿತ್ಯದ ಆರೈಕೆ ಬೇಡ.

8ರಿಂದ 10 ಇಂಗಾಲದ ಪರಮಾಣುಗಳ ಮಧ್ಯಮ ಸರಪಳಿಯ ಕೊಬ್ಬಿನಾಮ್ಲಗಳು ಮಾತ್ರ ಹೆಚ್ಚಾಗಿ ಈ ದಾರಿ ಬಿಟ್ಟು ನೇರ ರಕ್ತದ ಮೂಲಕ ಯಕೃತ್ತಿಗೆ ಹೋಗುತ್ತವೆ. ಎದೆಯ ಮುಖ್ಯ ದುಗ್ಧನಾಳ ಸೋರುವ ರೋಗಿಗೆ ವೈದ್ಯರು ಅಂಥ ಕೊಬ್ಬನ್ನೇ ಕೊಡುವುದು ಇದಕ್ಕಾಗಿ. ಆದರೆ ದೇಹ ತಾನೇ ತಯಾರಿಸಲಾರದ ಅಗತ್ಯ ಕೊಬ್ಬಿನಾಮ್ಲಗಳು ಅದರಲ್ಲಿ ಇಲ್ಲ. ದೀರ್ಘಕಾಲ ಮುಂದುವರಿದರೆ ಅವನ್ನು ಬೇರೆಯಾಗಿ ಒದಗಿಸಲೇಬೇಕು, ಇದನ್ನು ಮರೆಯಬಾರದು.

ಕಾಲಿನ ಕಷ್ಟ ಬೇರೆ: ದ್ರವ ಮೇಲಕ್ಕೇರಬೇಕು. ಅಲ್ಲಿ ದ್ರವವನ್ನು ಒಟ್ಟುಗೂಡಿಸಿ ಒಯ್ಯುವ ಸಂಗ್ರಾಹಕ ನಾಳಗಳಿಗೆ ಸ್ನಾಯುವಿನ ಪದರವೂ ಸಾಲು ಕವಾಟಗಳೂ ಇವೆ. ಎರಡು ಕವಾಟಗಳ ನಡುವಿನ ಒಂದೊಂದು ತುಂಡೂ ತಾನೇ ಮಿಡಿಯುತ್ತದೆ. ಕವಾಟ ಸರಿಯಾಗಿ ಮುಚ್ಚದಿದ್ದರೆ ದ್ರವ ಹಿಂದಿರುಗಿ ಪ್ರೋಟೀನ್ ಅಂಗಾಂಶದಲ್ಲೇ ಉಳಿಯುತ್ತದೆ, ಬರಬರುತ್ತ ಚರ್ಮ ಗಡುಸಾಗುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ನೀರನ್ನಷ್ಟೇ ತೆಗೆಯುತ್ತದೆ, ಪ್ರೋಟೀನನ್ನಲ್ಲ. ಹಾಗಾಗಿ ಈ ಊತಕ್ಕೆ ಒತ್ತುಪಟ್ಟಿ, ವ್ಯಾಯಾಮ, ಚರ್ಮದ ಆರೈಕೆಯೇ ಮುಖ್ಯ. ಕವಾಟಗಳ ಬೆಳವಣಿಗೆಗೆ ಬೇಕಾದ ಫಾಕ್ಸ್‌ಸಿ2 ಜೀನ್‌ನ ದೋಷದಲ್ಲಿ ಕಾಲುಬಾವಿನ ಜೊತೆ ರೆಪ್ಪೆಗೂದಲು ಎರಡು ಸಾಲಾಗಿರುವುದೂ ಉಂಟು. ರೋಗ ಗುರುತಿಸಲು ಇದು ಒಳ್ಳೆಯ ಸುಳಿವು.

ಶ್ವಾಸಕೋಶದಲ್ಲಿ ಇಂಥ ಸ್ನಾಯುಪದರ ಅತ್ಯಲ್ಪ. ಉಸಿರಾಟದ ಏರಿಳಿತವೇ ಅಲ್ಲಿ ದ್ರವವನ್ನು ತಳ್ಳುತ್ತದೆ.

ಪ್ರಶ್ನೆ: ಮೆದುಳಿನಲ್ಲಿ ದುಗ್ಧನಾಳ ಇದೆಯೋ ಇಲ್ಲವೋ?

ಉತ್ತರ: ಮೆದುಳಿನ ಅಂಗಾಂಶದೊಳಗೆ ಇಲ್ಲ, ಅದರ ಹೊರಪೊರೆಯಲ್ಲಿ ಇದೆ. 1787ರಲ್ಲೇ ಇಟಲಿಯ ಅಂಗರಚನಾತಜ್ಞ ಪಾವೊಲೊ ಮಸ್ಕಾನಿ ವರ್ಣಿಸಿದ್ದರೂ, 2015ರಲ್ಲಿ ಎರಡು ತಂಡಗಳು ಇಲಿಗಳಲ್ಲಿ ತೋರಿಸಿದ ಮೇಲೆಯೇ ಪಠ್ಯಗಳು ಬದಲಾದವು. ಇಲಿಗಳಲ್ಲಿ ಈ ನಾಳಗಳು ಬಹುಪಾಲು ಬೆಳೆಯುವುದು ಹುಟ್ಟಿದ ನಂತರ.