ಸಂಪಾದಕರ ಉತ್ತರ: ಚಿಮ್ನಿ ಇರಲಿ, ಲೇಥಿನ ಮಾತಾಡೋಣ

ಮಾನ್ಯರೇ,

ಮುಂಬಯಿಯ ಹತ್ತಿ ಗಿರಣಿಗಳ ಪ್ರದೇಶವಾದ ಗಿರಣಗಾಂವ್ ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನಕ್ಕೆ ಲೋವರ್ ಪರೇಲ್‌ನಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಪೂರ್ತಿ ಅಚ್ಚು ಹಾಕಲು ಸ್ಥಳವಿಲ್ಲದ್ದರಿಂದ ಅದರ ಸಾರವನ್ನಷ್ಟೇ ಓದುಗರ ಮುಂದಿಡುತ್ತೇನೆ. ಕಾರ್ಕಳದಿಂದ ಬಂದ ನಿಮ್ಮ ತಂದೆಯವರು ಗಿರಣಿಗಳಿಗೆ ಬಿಡಿಭಾಗ ಮಾಡಿಕೊಡಲೆಂದು ಹಿಡಿದ ಗಾಲಾದಲ್ಲಿ (ಕಾರ್ಯಾಗಾರದ ಮಳಿಗೆಯಲ್ಲಿ) ಇಂದು ಲೋಹ ಕಡೆಯುವ ಎರಡು ಲೇಥು, ಒಂದು ಮಿಲ್ಲಿಂಗ್ ಯಂತ್ರ, ಐವರು ಕೆಲಸಗಾರರಿದ್ದಾರೆ. ಆ ಗಾಲಾ ಇರುವ ಕೈಗಾರಿಕಾ ಎಸ್ಟೇಟನ್ನು ಕೆಡವಿ ಬಹುಮಹಡಿ ಗೋಪುರ ಎಬ್ಬಿಸುವ ಪ್ರಸ್ತಾಪ ಬಂದಿದೆ. "ಚಿಮ್ನಿ ನೋಡಿ ಕಣ್ಣೀರಿಡುವ ಲೇಖನದಿಂದ ನಮ್ಮ ಹುಡುಗರಿಗೆ ಅನ್ನ ಸಿಗುವುದಿಲ್ಲ, ಗೋಪುರ ಬಂದರೆ ಕೆಲಸವಾದರೂ ಬಂದೀತು, ಬೇಡವೆಂದು ನೀವು ಸಾಧಿಸುವುದೇನು?" ಎಂದು ಕೇಳಿದ್ದೀರಿ.

ಕಣ್ಣೀರಿನ ಆರೋಪವನ್ನು ಒಪ್ಪುತ್ತೇನೆ. ಆ ಲೇಖನದಲ್ಲಿ ಗಿರಣಿಯ ಭೋಂಗಾದ (ಸೈರನ್ನಿನ) ಸದ್ದು, ಚಾಳಿನ (ಕಾರ್ಮಿಕರ ಸಾಲುಮನೆಗಳ) ಗಣಪತಿ, ಖಾನಾವಳಿಯ ಊಟ ಎಲ್ಲವೂ ಬಂದವು, ಇಂದಿಗೂ ತಿರುಗುತ್ತಿರುವ ನಿಮ್ಮ ಲೇಥು ಮಾತ್ರ ಬರಲಿಲ್ಲ. ಸತ್ತ ಗಿರಣಿಗಳ ಬಗ್ಗೆ ಬರೆಯುವ ಭರದಲ್ಲಿ ಅವುಗಳ ಬೆನ್ನಿಗೆ ಬದುಕುಳಿದ ಕಸುಬುಗಳನ್ನು ಮರೆತದ್ದು ನಮ್ಮ ತಪ್ಪು. ಆದರೆ ಗೋಪುರ ಬಂದರೆ ಕೆಲಸ ಬಂದೀತು ಎಂಬ ನಿಮ್ಮ ಮಾತನ್ನು ಅಷ್ಟು ಸುಲಭವಾಗಿ ಒಪ್ಪಲಾರೆ.

ಕೆಲಸ ಬಂದದ್ದೇನೋ ನಿಜ. ಬ್ಯಾಂಕು, ಜಾಹೀರಾತು ಸಂಸ್ಥೆ, ಟಿ.ವಿ. ವಾಹಿನಿ, ಮಾಲ್ ಎಂದು ಗಿರಣಿ ಇದ್ದ ಜಾಗದಲ್ಲಿ ದೊಡ್ಡ ಸಂಖ್ಯೆಯಲ್ಲೇ ಬಂದಿತು. ಅದನ್ನು ಮಾಡುವವರು ಎಲ್ಲಿಂದ ಬರುತ್ತಾರೆಂಬುದನ್ನು ಬೆಳಗ್ಗೆ ಒಂಬತ್ತೂವರೆಗೆ ಸ್ಟೇಷನ್ನಿನ ಮೆಟ್ಟಿಲ ಬಳಿ ನಿಂತರೆ ನೀವೇ ಕಾಣಬಹುದು. ಗಿರಣಿ ಕಾರ್ಮಿಕರಲ್ಲಿ ಬಹುಪಾಲು ಜನ ಪಕ್ಕದ ಚಾಳಿನಿಂದ ನಡೆದು ಪಾಳಿಗೆ ಹೋಗುತ್ತಿದ್ದವರು. ಇಂದಿನ ನೌಕರರು ವಿರಾರ್, ಡೊಂಬಿವಿಲಿಯಂಥ ದೂರದ ಉಪನಗರಗಳಿಂದ ರೈಲಿನಲ್ಲಿ ಬಂದಿಳಿಯುತ್ತಾರೆ. 2017ರ ಸೆಪ್ಟೆಂಬರ್ 29ರಂದು ಆಗಿನ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಾದ ಪಾದಚಾರಿ ಸೇತುವೆಯಲ್ಲಿ ಕಾಲ್ತುಳಿತವಾಗಿ 20ಕ್ಕೂ ಹೆಚ್ಚು ಮಂದಿ ಸತ್ತದ್ದು, ಗಿರಣಿಗಳ ಕಾಲದ ಸೇತುವೆಯ ಮೇಲೆ ಕಚೇರಿಗಳ ಕಾಲದ ಜನಸಂದಣಿ ಬಿದ್ದದ್ದರಿಂದ. ಉದ್ಯೋಗ ಬಡಾವಣೆಗೆ ಬಂದಿತು, ಬಡಾವಣೆಯ ಮಕ್ಕಳಿಗೆ ಅದರಲ್ಲಿ ಪಾಲು ಸಿಕ್ಕಿದ್ದು ಹೆಚ್ಚಾಗಿ ಕಾವಲುಗಾರನ ಸಮವಸ್ತ್ರದ ರೂಪದಲ್ಲಿ.

ಹೀಗೇಕಾಯಿತೆಂದು ಕೇಳಿದರೆ 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ, ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಮುಷ್ಕರದ ಮೇಲೆ ಗೂಬೆ ಕೂರಿಸುವುದು ರೂಢಿಯಾಗಿದೆ. ಬಟ್ಟೆಯ ಕೆಲಸ ಮುಂಬಯಿ ಹೊರಗಿನ ಭಿವಂಡಿಯ ವಿದ್ಯುತ್ ಮಗ್ಗಗಳಿಗೆ ಅದಕ್ಕೂ ಮೊದಲೇ ಜಾರತೊಡಗಿತ್ತು. ನಿಮ್ಮ ಪ್ರಶ್ನೆಗೆ ಬೇಕಾದ ಉತ್ತರ ಇರುವುದು ಮುಷ್ಕರದಲ್ಲಲ್ಲ, ಭೂಮಿಯ ನಿಯಮದಲ್ಲಿ. ಮುಂಬಯಿಯ 1991ರ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯ 58ನೆಯ ನಿಯಮ ಗಿರಣಿ ಭೂಮಿಯನ್ನು ಸ್ಥೂಲವಾಗಿ ಮೂರು ಪಾಲು ಮಾಡಿ, ಒಂದನ್ನು ನಗರದ ಬಯಲಿಗೆ, ಒಂದನ್ನು ರಾಜ್ಯದ ಗೃಹನಿರ್ಮಾಣ ಸಂಸ್ಥೆ ಮ್ಹಾಡಾದ ವಸತಿಗೆ, ಒಂದನ್ನು ಮಾಲೀಕರಿಗೆ ಎಂದಿತ್ತು. ಕಟ್ಟಡಗಳಿರುವ ನೆಲವನ್ನು ಬಿಟ್ಟು ಖಾಲಿ ಜಾಗವನ್ನಷ್ಟೇ ಹಂಚಿದರೆ ಸಾಕೆಂದು 2001ರಲ್ಲಿ ಅದನ್ನು ತಿದ್ದಲಾಯಿತು. ಬಾಂಬೆ ಹೈಕೋರ್ಟು ಒಪ್ಪದ ಆ ತಿದ್ದುಪಡಿಯನ್ನು 2006ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಸುಮಾರು 600 ಎಕರೆಯ ಪೈಕಿ ಊರಿಗೆ ದಕ್ಕಿದ್ದು ಚೂರುಪಾರು. ರಾಷ್ಟ್ರೀಯ ಜವಳಿ ನಿಗಮದ ಗಿರಣಿಗಳ ನೆಲವನ್ನು ಒಟ್ಟಾಗಿ ನೋಡಿ ಯೋಜಿಸಬೇಕೆಂದು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಸಮಿತಿ 1996ರಲ್ಲಿಯೇ ಹೇಳಿದ್ದು ಕಡತದಲ್ಲಿ ಉಳಿಯಿತು.

ಇದೆಲ್ಲ ಹಲವರಿಗೆ ಗೊತ್ತಿರುವ ಕಥೆ. ಅದೇ ನಿಯಮದೊಳಗೆ ಇನ್ನೊಂದು ಕಲಮು ಇದ್ದದ್ದು ಅಷ್ಟಾಗಿ ಯಾರಿಗೂ ನೆನಪಿಲ್ಲ. ಗಿರಣಿ ಭೂಮಿಯಲ್ಲಿ ಹೊಸದಾಗಿ ಏನೇ ಬಂದರೂ ಅಲ್ಲಿನ ಕಾರ್ಮಿಕನಿಗೆ, ಇಲ್ಲವೇ ಅವನ ಕುಟುಂಬದ ಒಬ್ಬರಿಗೆ, ಅರ್ಹತೆಗೆ ತಕ್ಕ ಉದ್ಯೋಗ ಕೊಡಬೇಕು, ಬೇಕಾದ ತರಬೇತಿಯನ್ನೂ ಮಾಲೀಕರೇ ಕೊಡಿಸಬೇಕು ಎಂದು ಅದರಲ್ಲಿತ್ತು. ಗಿರಣಿ ಕಾರ್ಮಿಕರಿಗೆ ಮನೆ ಹಂಚುವ ಲಾಟರಿಗಾಗಿ ಸಂಘಟನೆಗಳು ಬೀದಿಗಿಳಿದವು, ಪತ್ರಿಕೆಗಳು ಬರೆದವು. ಉದ್ಯೋಗದ ಈ ಕಲಮನ್ನು ಕೈಯಲ್ಲಿ ಹಿಡಿದು ನಾವು ಕನ್ನಡ ಪತ್ರಿಕೆಯವರೂ ಯಾವ ಗೋಪುರದ ಬಾಗಿಲನ್ನೂ ತಟ್ಟಲಿಲ್ಲ. ಸಿಗುವ ಕೆಲಸ ಯಾವುದು, ಎಷ್ಟು ವರ್ಷಕ್ಕೆ, ಕೊಡದಿದ್ದರೆ ಏನು ಎಂಬುದು ಕರಾರಿನಲ್ಲಿ ಬರೆದಿಲ್ಲವಾದರೆ ಇಂಥ ಕಲಮು ದೇವರ ಪಟದ ಹಾಗೆ ಗೋಡೆಯ ಮೇಲಿರುತ್ತದೆ.

ಸ್ಥಳೀಯ ಉದ್ಯೋಗ ಹುಟ್ಟುವುದು ಹೇಗೆಂಬುದಕ್ಕೆ ನಮ್ಮ ಪತ್ರಿಕೆಯ ಅನುಭವವನ್ನೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದಿನವರೆಗೂ ಈ ಮಾಸಿಕ ನಿಮ್ಮ ಎಸ್ಟೇಟಿನಿಂದ ಎರಡು ಬೀದಿ ಆಚೆಯ ಗಾಲಾದಲ್ಲಿ ಅಚ್ಚಾಗುತ್ತಿತ್ತು. ಪ್ಲೇಟು ಮಾಡುವವರು ಮೇಲಿನ ಮಹಡಿಯಲ್ಲಿ, ಬೈಂಡಿಂಗ್‌ನವರು ಎದುರಿನ ಚಾಳಿನಲ್ಲಿ, ಕಟಿಂಗ್ ಯಂತ್ರದ ಅಲಗು ಸಾಣೆ ಹಿಡಿಯುವವರು ಮೂಲೆಯಲ್ಲಿ. ಯಂತ್ರದ ಗೇರು ಮುರಿದ ದಿನ ಸಂಜೆಯೊಳಗೆ ಹೊಸದನ್ನು ಕಡೆದುಕೊಟ್ಟದ್ದು ನಿಮ್ಮಂಥದೇ ಒಂದು ಲೇಥು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಓದುತ್ತಿದ್ದ ಕುಂದಾಪುರದ ಹುಡುಗನೊಬ್ಬ ಅಲ್ಲಿಗೆ ಕಟ್ಟು ಹೊರಲು ಬಂದವನು, ಮೂರು ವರ್ಷದಲ್ಲಿ ಯಂತ್ರ ನಡೆಸುವವನಾದ. ಬಾಡಿಗೆ ಏರಿ ಮುದ್ರಣಾಲಯ ವಸಾಯಿಗೆ ಹೋದ ಮೇಲೆ, ಅದನ್ನು ನೆಚ್ಚಿದ್ದ ಬೈಂಡಿಂಗ್‌ನವರೂ ಸಾಣೆಯವರೂ ಒಬ್ಬೊಬ್ಬರಾಗಿ ಬಾಗಿಲು ಹಾಕಿದರು. ಅಗ್ಗದ ಬಾಡಿಗೆಯ ನೆಲಮಹಡಿಗಳು ಒತ್ತೊತ್ತಾಗಿದ್ದಾಗ ಒಬ್ಬರ ಕೆಲಸದಿಂದ ಇನ್ನೊಬ್ಬರ ಕೆಲಸ ಹುಟ್ಟುತ್ತದೆ, ಓದು ಕಡಿಮೆಯಿದ್ದವನೂ ಕೈಕಸುಬು ಕಲಿತು ಮೇಲೇರುತ್ತಾನೆ. ಗಾಜಿನ ಗೋಪುರದ ಹದಿನೆಂಟನೆಯ ಮಹಡಿಯಲ್ಲಿ ಕಟ್ಟು ಹೊರುವವನಿಗೆ ಅಂಥ ಏಣಿ ಇಲ್ಲ.

ಹಳೆಯದೆಲ್ಲ ಹಾಗೆಯೇ ಇರಲಿ ಎಂದು ಇದರರ್ಥವಲ್ಲ. ನಿಮ್ಮ ಎಸ್ಟೇಟಿನ ತೊಲೆಗಳಿಂದ ಕಬ್ಬಿಣ ಇಣುಕುತ್ತಿದೆಯೆಂದು ನೀವೇ ಬರೆದಿದ್ದೀರಿ. ಹಳೆಯ ಆವರಣಕ್ಕೆ ಹೊಸ ಬಳಕೆಯನ್ನು ಹೇಗೆ ಬೇಕೋ ಹಾಗೆ ತುರುಕಿದರೆ ಏನಾಗುತ್ತದೆಂಬುದನ್ನು 2017ರ ಡಿಸೆಂಬರ್ 29ರ ನಡುರಾತ್ರಿ ಕಳೆದ ಹೊತ್ತಿನಲ್ಲಿ ಕಮಲಾ ಮಿಲ್ಸ್ ಆವರಣದ ಮಾಳಿಗೆ ರೆಸ್ಟೋರೆಂಟುಗಳಲ್ಲಿ ಹೊತ್ತಿದ ಬೆಂಕಿಗೆ 14 ಮಂದಿ ಬಲಿಯಾದಾಗ ಕಂಡಿದ್ದೇವೆ. ಕಟ್ಟಡ ಹೊಸದಾಗಲಿ, ಆದರೆ ಅದರಲ್ಲಿ ಲೇಥು ಕೂರುವಂತಿರಲಿ.

ಆದ್ದರಿಂದ ಸಹಿ ಹಾಕುವ ಮೊದಲು ನೋಡಬೇಕಾದುದು ಚದರಡಿಯ ಲೆಕ್ಕವೊಂದನ್ನೇ ಅಲ್ಲ. ನಿಮಗೆ ಕೊಡುವ ಜಾಗ ಯಾವ ಮಹಡಿಯಲ್ಲಿದೆ, ನೆಲ ಎಷ್ಟು ಭಾರ ತಾಳುತ್ತದೆ, ತ್ರೀ ಫೇಸ್ ವಿದ್ಯುತ್ತು ಮತ್ತು ಸರಕಿನ ಲಿಫ್ಟು ಇವೆಯೇ, ಟೆಂಪೋ ಒಳಬರುತ್ತದೆಯೇ, ಎಲ್ಲಕ್ಕಿಂತ ಮುಖ್ಯವಾಗಿ ಮಂಜೂರಾದ ನಕ್ಷೆಯಲ್ಲಿ ಆ ಭಾಗದ ಬಳಕೆ ಕೈಗಾರಿಕೆಯೆಂದೇ ಬರೆದಿದೆಯೇ ಎಂಬುದನ್ನು ಕೇಳಿ. "ವಾಣಿಜ್ಯ" ಎಂದಿದ್ದರೆ ಇಂದಲ್ಲ ನಾಳೆ ಮೇಲಿನ ಮನೆಯವರು ಸದ್ದಿನ ದೂರು ಕೊಟ್ಟಾರು. ಕಟ್ಟಡ ಏಳುವ ವರ್ಷಗಳಲ್ಲಿ ಯಂತ್ರಗಳು ಎಲ್ಲಿರುತ್ತವೆ ಎಂಬುದೂ ಬರಹದಲ್ಲಿರಬೇಕು, ಏಕೆಂದರೆ ಆ ಮಧ್ಯಾವಧಿಯಲ್ಲಿ ಚದುರಿದ ಗಿರಾಕಿಗಳು ಮರಳಿ ಬರುವುದು ಕಷ್ಟ. ಒಂಟಿಯಾಗಿ ಕೇಳಿದರೆ ನಿಮ್ಮ ಮಾತು ನಡೆಯಲಿಕ್ಕಿಲ್ಲ, ಯಂತ್ರವಿರುವ ಗಾಲಾಗಳವರೆಲ್ಲ ಸೇರಿ ಒಂದೇ ಬೇಡಿಕೆಪತ್ರ ಕೊಡಿ.

ಇನ್ನು ಹುಡುಗರ ವಿಷಯ. 30 ಅಥವಾ ಹೆಚ್ಚು ಜನರಿರುವ ಘಟಕಗಳಿಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ, 4 ಜನರಿರುವ ಘಟಕವೂ ಇಚ್ಛೆಯಿದ್ದರೆ ತೆಗೆದುಕೊಳ್ಳಬಹುದು. ಐವರಿರುವ ನಿಮ್ಮ ಗಾಲಾ ಇದಕ್ಕೆ ಸಲ್ಲುತ್ತದೆ. ಊರಿನಿಂದ ಬರುವವನಿಗೂ ಓಣಿಯ ಚಾಳಿನ ಮರಾಠಿ ಹುಡುಗನಿಗೂ ಅಲ್ಲಿ ಸರದಿಯಂತೆ ಜಾಗ ಕೊಟ್ಟರೆ, ಸ್ಥಳೀಯ ಉದ್ಯೋಗಕ್ಕಾಗಿ ನೀವು ಬಿಲ್ಡರನೆದುರು ಆಡುವ ಮಾತಿಗೆ ತೂಕ ಬರುತ್ತದೆ.

ಎಸ್ಟೇಟಿನ ಸಭೆ ಮುಂದಿನ ತಿಂಗಳೆಂದು ಬರೆದಿದ್ದೀರಿ. ಕರಡು ಕರಾರಿನ ಪ್ರತಿ ಸಿಕ್ಕಿದ ಕೂಡಲೇ ಕಚೇರಿಗೆ ತನ್ನಿ. ಆಸ್ತಿ ವ್ಯವಹಾರ ಬಲ್ಲ ವಕೀಲರೊಬ್ಬರು ನಮ್ಮ ಚಂದಾದಾರರಲ್ಲಿದ್ದಾರೆ, ಶನಿವಾರ ಸಂಜೆ ಕುಳಿತು ಓದಿ ಹೇಳಲು ಒಪ್ಪಿದ್ದಾರೆ. ನಿಮ್ಮ ಲೇಥಿನ ಛಾಯಾಚಿತ್ರವೊಂದನ್ನೂ ಜೊತೆಗೆ ತಂದರೆ ಕಳೆದ ಲೇಖನದಲ್ಲಿ ಬಿಟ್ಟುಹೋದುದನ್ನು ಮುಂದಿನ ಸಂಚಿಕೆಯಲ್ಲಿ ಸೇರಿಸುತ್ತೇವೆ.

— ಸಂಪಾದಕ